ಯುಡಿಐಡಿ ಕಾರ್ಡ್: ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಾ ಜೈಲಿನಿಂದ ಬಂದವರಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ?

ಯುಡಿಐಡಿ ಎಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್. ಮೊದಲೇ ಹೇಳಿಬಿಡುತ್ತೇವೆ: ಈ ಕಾರ್ಡ್ ಯಾರಿಗೂ ಕೆಲಸ ಕೊಡಿಸುವುದಿಲ್ಲ. ಸಿಕ್ಕ ಕೆಲಸ ಕೈತಪ್ಪದಂತೆ ನೋಡಿಕೊಳ್ಳಲು, ತಿಂಗಳು ತಪ್ಪದೆ ಆಸ್ಪತ್ರೆಗೆ ಹೋಗಿ ಮಾತ್ರೆ ತರಲು ಚೆನ್ನಾಗಿ ಒದಗುತ್ತದೆ. ಮೈಸೂರು, ಮಂಡ್ಯ ಕಡೆ ‘ಅಂಗವಿಕಲರ ಕಾರ್ಡ್ ಮಾಡಿಸಿಬಿಡಿ, ಎಲ್ಲಾ ಸವಲತ್ತೂ ಬರುತ್ತೆ’ ಎಂಬ ಮಾತು ಕೇಳಿಕೊಂಡು, ಜೈಲಿನಿಂದ ಬಂದ ಮಗನನ್ನೋ ತಮ್ಮನನ್ನೋ ಕರೆದುಕೊಂಡು ಅಲೆದವರು ಬಹಳ. ಕಾರ್ಡ್ ಬಂದ ಮೇಲೆ ‘ಇದರಿಂದ ಏನೂ ಆಗಲಿಲ್ಲ’ ಎಂದು ಬೀರುವಿನೊಳಗೆ ಇಟ್ಟು ಮರೆತವರೂ ಅಷ್ಟೇ ಇದ್ದಾರೆ. ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ನಮ್ಮ ಲೆಕ್ಕದಲ್ಲಿ ಈ ಕಾರ್ಡಿಗೆ ಐದಕ್ಕೆ ಮೂರು ಅಂಕ. ಆ ಮೂರನ್ನಾದರೂ ಪೂರ್ತಿ ಪಡೆಯಬೇಕಾದರೆ ಕೆಲವು ಸಂಗತಿ ಮುಂಚೆಯೇ ಗೊತ್ತಿರಬೇಕು.

ಕಾರ್ಡ್ ಜೇಬಿನಲ್ಲಿ ಹಿಡಿಯುವ ಪ್ಲಾಸ್ಟಿಕ್ ಕಾರ್ಡ್. ಫೋಟೊ, ಹೆಸರು, 18 ಅಕ್ಷರ-ಅಂಕಿಗಳ ಸಂಖ್ಯೆ, ವಿಕಲತೆಯ ಬಗೆ, ಶೇಕಡಾವಾರು ಇಷ್ಟು ಇರುತ್ತವೆ. ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವಿಕಲತೆಗಳನ್ನು ಪಟ್ಟಿ ಮಾಡಿದೆ, ಮಾನಸಿಕ ಕಾಯಿಲೆ ಅದರಲ್ಲೊಂದು. ಸ್ಕಿಜೋಫ್ರೀನಿಯಾ, ಬೈಪೋಲಾರ್, ತೀವ್ರ ಒಸಿಡಿ (ಗೀಳು ಕಾಯಿಲೆ) ಯಾವುದೇ ಇರಲಿ, ಕಾರ್ಡಿನ ಮೇಲೆ ಮಾನಸಿಕ ಕಾಯಿಲೆ ಎಂದೇ ಅಚ್ಚಾಗುತ್ತದೆ. ಜೊತೆಗೆ ಬರುವ ಸರ್ಟಿಫಿಕೇಟಿನಲ್ಲಿ ಡಯಾಗ್ನೊಸಿಸ್ ಕೂಡ ಬರೆದಿರುತ್ತದೆ. ಕೇಸು, ಶಿಕ್ಷೆ, ಜೈಲು ಇವು ಎರಡರಲ್ಲೂ ಇರುವುದಿಲ್ಲ. ಹೆತ್ತವರು ಮೊದಲು ಕೇಳುವ ಪ್ರಶ್ನೆಯೇ ಇದು, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತಿದ್ದೇವೆ.

ಅರ್ಜಿ ಹಾಕುವುದು ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ, ಶುಲ್ಕವಿಲ್ಲ. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ವಾಸದ ದಾಖಲೆ ಸಾಕು. ಜೈಲಿನಿಂದ ಬಂದವರ ಅರ್ಜಿ ನಿಂತುಹೋಗುವುದು ಇವುಗಳಲ್ಲಿ ಅಲ್ಲ, ಓಟಿಪಿಯಲ್ಲಿ. ಒಳಗಿದ್ದಷ್ಟು ದಿನ ಸಿಮ್ ಬಳಕೆಯಿಲ್ಲದೆ ರದ್ದಾಗಿರುತ್ತದೆ, ಆ ನಂಬರು ಬೇರೆ ಯಾರದೋ ಕೈ ಸೇರಿರುತ್ತದೆ, ಆಧಾರಿಗೆ ಮಾತ್ರ ಇನ್ನೂ ಅದೇ ಜೋಡಣೆಯಾಗಿರುತ್ತದೆ. ಹಾಗಾಗಿ ಮೊದಲು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರ್ ಬದಲಾವಣೆ, ಅದು ಆಗಿದೆ ಎಂದು ಖಚಿತವಾದ ಮೇಲೆ ಪೋರ್ಟಲ್. ಈ ಕ್ರಮ ಹಿಂದುಮುಂದಾದರೆ ಒಂದು ದಿನದ ಕೂಲಿ ದಂಡ. ಆತುರಕ್ಕೆ ಅರ್ಜಿಯಲ್ಲಿ ಪಕ್ಕದ ಮನೆಯವರ ನಂಬರ್ ಕೊಡುವವರಿದ್ದಾರೆ. ವಿಕಲತೆ ಅಳೆಯುವ ವೈದ್ಯರ ಬೋರ್ಡಿಗೆ ಬರಬೇಕಾದ ದಿನದ ಮೆಸೇಜು ಆಗ ಅವರಿಗೆ ಹೋಗುತ್ತದೆ, ಇವರಿಗೆ ಗೊತ್ತಾಗುವಷ್ಟರಲ್ಲಿ ದಿನ ಕಳೆದಿರುತ್ತದೆ. ಮನೋರೋಗದ ಸಂಗತಿ ಊರಿಗೆಲ್ಲ ಗೊತ್ತಾಗುವುದೂ ಎಷ್ಟೋ ಸಲ ಹೀಗೆಯೇ.

ಓದು ಬರಹ ಕಷ್ಟವಿರುವ ಮನೆಯವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಬೇಕು. ಇದೇ ಕೆಲಸಕ್ಕೆ ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ನಗರದಲ್ಲಿ ಯುಆರ್‌ಡಬ್ಲ್ಯು ಎಂಬ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬಿಸುವುದು, ದಿನ ತಿಳಿಸುವುದು, ಬೋರ್ಡಿಗೆ ಕರೆದೊಯ್ಯುವುದು ಎಲ್ಲ ಅವರ ಕೆಲಸದ ಭಾಗವೇ. ಇಡೀ ವ್ಯವಸ್ಥೆಯಲ್ಲಿ ನಮಗೆ ಹೆಚ್ಚು ಮೆಚ್ಚುಗೆ ಇರುವುದು ಈ ಕಾರ್ಯಕರ್ತರ ಬಗ್ಗೆ. ಸಣ್ಣ ಗೌರವಧನಕ್ಕೆ ಇಡೀ ಪಂಚಾಯಿತಿ ಸುತ್ತುತ್ತಾರೆ.

ಅರ್ಜಿಯಲ್ಲಿ ಆಸ್ಪತ್ರೆ ಆರಿಸುವ ಕಡೆ ಎಚ್ಚರವಿರಲಿ. ಮನೋರೋಗದ ಸರ್ಟಿಫಿಕೇಟಿಗೆ ಮನೋವೈದ್ಯರು ಬೇಕೇ ಬೇಕು. ಮೈಸೂರು ಜಿಲ್ಲೆಯವರು ಕೆ.ಆರ್. ಆಸ್ಪತ್ರೆ, ಮಂಡ್ಯದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಆರಿಸಿಕೊಂಡರೆ ಚಿಕಿತ್ಸೆಯ ಕಡತವೂ ಬೋರ್ಡೂ ಒಂದೇ ಕಡೆ ಸಿಗುತ್ತವೆ. ಹತ್ತಿರ ಎಂದು ಮನೋವೈದ್ಯರಿಲ್ಲದ ಆಸ್ಪತ್ರೆ ಒತ್ತಿದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. 2024ರ ಅಕ್ಟೋಬರಿನ ತಿದ್ದುಪಡಿ ನಿಯಮದಂತೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಎರಡು ವರ್ಷ ಕಳೆದರೂ ತೀರ್ಮಾನವಾಗದಿದ್ದರೆ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿಂದ ಹಾಕಬೇಕು. ‘ಬರುತ್ತೆ ಬಿಡಿ’ ಎಂದು ಕಾದು ಕುಳಿತರೆ ನಷ್ಟ ಅರ್ಜಿದಾರರಿಗೇ.

ಇನ್ನು ಕಾಗದಪತ್ರ. ಬೋರ್ಡಿನವರು ನೋಡುವುದು ಇವತ್ತಿನ ಮುಖವನ್ನಷ್ಟೇ ಅಲ್ಲ, ಹಿಂದಿನ ಎರಡು ವರ್ಷದಲ್ಲಿ ಎಷ್ಟು ತಿಂಗಳು ಕಾಯಿಲೆ ಇತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆ ಎರಡು ವರ್ಷ ಜೈಲಿನಲ್ಲಿ ಕಳೆದಿದ್ದರೆ, ಅಲ್ಲಿನ ವೈದ್ಯರ ಚೀಟಿ, ಕೊಟ್ಟ ಮಾತ್ರೆಗಳ ಪಟ್ಟಿ, ಆಸ್ಪತ್ರೆಗೆ ಕರೆದೊಯ್ದ ದಾಖಲೆಗಳೇ ಸಾಕ್ಷಿ. ಬಿಡುಗಡೆಯ ದಿನ ಎಲ್ಲರಿಗೂ ಮನೆಯ ಧ್ಯಾನ, ಈ ಚೀಟಿಗಳು ಒಳಗೇ ಉಳಿಯುತ್ತವೆ. ಆಮೇಲೆ ತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 25ನೇ ಕಲಂ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ, ಉಚಿತ ಕಾನೂನು ನೆರವಿನ ಹಕ್ಕು 27ನೇ ಕಲಮಿನಲ್ಲಿದೆ. ಬಿಡುಗಡೆಗೆ ಮುಂಚೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರ ಮೂಲಕ ಬರವಣಿಗೆಯಲ್ಲಿ ಕೇಳಿಸುವುದು ಸುಲಭದ ದಾರಿ. ಅದೇ ಉಸಿರಿನಲ್ಲಿ ಕನಿಷ್ಠ ಎರಡು ವಾರದ ಮಾತ್ರೆಯನ್ನೂ ಕೇಳಬೇಕು. ಹೊರಗೆ ಬಂದ ಮೊದಲ ವಾರಗಳಲ್ಲೇ ಮಾತ್ರೆ ನಿಂತು ಕಾಯಿಲೆ ಮರುಕಳಿಸುವುದು ಹೆಚ್ಚು, ಅಲ್ಲಿಗೆ ಕಾರ್ಡಿನ ಮಾತೂ ನಿಂತಂತೆ. ಜೈಲಿನಲ್ಲಿ ನೇಯ್ಗೆ, ಅಡುಗೆ, ತೋಟ ಏನಾದರೂ ಕೆಲಸ ಮಾಡಿದ್ದರೆ ಅದರ ದಾಖಲೆಯನ್ನೂ ತಂದುಕೊಳ್ಳಿ. ಏಕೆ ಎಂಬುದು ಮುಂದೆ ಬರುತ್ತದೆ.

ಶೇಕಡಾವಾರು ತೆಗೆಯುವ ಅಳತೆಗೋಲಿನ ಹೆಸರು ಐಡಿಯಾಸ್. ನಾಲ್ಕು ವಿಷಯ ನೋಡುತ್ತಾರೆ: ಸ್ನಾನ, ಊಟ, ಬಟ್ಟೆಯಂಥ ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ದುಡಿಮೆ. ಒಂದೊಂದಕ್ಕೂ 0ಯಿಂದ 4. ತೊಂದರೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಎರಡು ವರ್ಷದಲ್ಲಿ ಕಾಯಿಲೆ ಇದ್ದ ತಿಂಗಳಿಗೆ ಇನ್ನೂ 1ರಿಂದ 4. ಹೀಗೆ ಒಟ್ಟು 20. ಅದರಲ್ಲಿ 7 ತಲುಪಿದರೆ ಶೇ 40, 14 ತಲುಪಿದರೆ ಶೇ 70 ದಾಟುತ್ತದೆ. ಪೆನ್ಷನ್, ಪಾಸ್, ಮೀಸಲಾತಿ ಎಲ್ಲಕ್ಕೂ ಬಾಗಿಲು ತೆರೆಯುವುದು ಶೇ 40ಕ್ಕೆ.

ಮನೆಯವರು ಎಡವುವುದು ಇಲ್ಲಿ. ಬೋರ್ಡಿಗೆ ಹೋಗುವ ದಿನ ಕ್ಷೌರ ಮಾಡಿಸಿ, ಇಸ್ತ್ರಿ ಷರಟು ಹಾಕಿಸಿ, ‘ಡಾಕ್ಟ್ರು ಕೇಳಿದರೆ ಚೆನ್ನಾಗಿದ್ದೀನಿ ಅನ್ನು’ ಎಂದು ಹೇಳಿಕೊಟ್ಟು ಕರೆತರುತ್ತಾರೆ. ಮಗ ಅಷ್ಟನ್ನೇ ಹೇಳುತ್ತಾನೆ. ತಾಯಿ ದಿನಾ ಬೆಳಗ್ಗೆ ನಾಲ್ಕು ಸಲ ಕೂಗಿ ಸ್ನಾನಕ್ಕೆ ಎಬ್ಬಿಸಬೇಕು, ಊಟ ಬಡಿಸಿ ಎದುರಿಗೆ ಕೂರದಿದ್ದರೆ ತಟ್ಟೆ ಹಾಗೇ ಉಳಿಯುತ್ತದೆ, ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸದೆ ಬರುತ್ತಾನೆ ಎಂಬುದೊಂದೂ ಹೊರಗೆ ಬರುವುದಿಲ್ಲ. ಇದು ಸುಳ್ಳು ಹೇಳಿ ಅಂಕ ಗಿಟ್ಟಿಸುವ ಮಾತಲ್ಲ. ಯಾರ ನೆರವಿನಿಂದ ಎಷ್ಟು ನಡೆಯುತ್ತಿದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು, ಅಷ್ಟೆ. ಒಂದು ವಾರದ ದಿನಚರಿಯನ್ನು ಹಾಳೆಯ ಮೇಲೆ ಬರೆದುಕೊಂಡು ಹೋದರೆ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ದಿನಾ ಜೊತೆಗಿರುವವರೇ ಹೋಗಬೇಕು. ಬೆಂಗಳೂರಿನಿಂದ ಬಂದ ಅಣ್ಣನಿಗೆ ಈ ವಿವರ ಗೊತ್ತಿರುವುದಿಲ್ಲ.

ನಾವು ಕಾರ್ಡಿಗೆ ಐದರಲ್ಲಿ ಎರಡು ಅಂಕ ಕಡಿಮೆ ಕೊಡಲು ದೊಡ್ಡ ಕಾರಣ ಐಡಿಯಾಸಿನ ಆ ನಾಲ್ಕನೆಯ ವಿಷಯ, ದುಡಿಮೆ. ಸರಿಯಾಗಿ ಕೆಲಸಕ್ಕೆ ಹೋಗುತ್ತಿರುವವರಿಗೆ 0. ಕೆಲಸವಿಲ್ಲದೆ, ಹುಡುಕುವ ಪ್ರಯತ್ನವನ್ನೂ ಮಾಡದವರಿಗೆ 4. ಅಂದರೆ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗೇಟಿನಿಂದ ಗೇಟಿಗೆ ಕೆಲಸ ಕೇಳುತ್ತಾ ಓಡಾಡುವ ಹುಡುಗನಿಗಿಂತ, ಮನೆಯಲ್ಲಿ ಮುಸುಕು ಹಾಕಿ ಮಲಗಿದವನಿಗೆ ಅಂಕ ಹೆಚ್ಚು. ಕೆಲಸ ಸಿಕ್ಕಿ ಆರು ತಿಂಗಳು ನಿಭಾಯಿಸಿದರೆ, ಇಷ್ಟೇ ಅವಧಿಗೆ ಎಂದು ಕೊಟ್ಟ ತಾತ್ಕಾಲಿಕ ಕಾರ್ಡ್ ನವೀಕರಣದ ಹೊತ್ತಿಗೆ ಶೇ 40ರ ಕೆಳಗೆ ಇಳಿದು ಪಾಸ್, ಪೆನ್ಷನ್ ಎರಡೂ ಹೋಗಬಹುದು. ‘ಕೆಲಸಕ್ಕೆ ಕಳಿಸಬೇಡಿ, ಪರ್ಸೆಂಟೇಜ್ ಹೋಗುತ್ತೆ’ ಎಂದು ಮನೆಯವರಿಗೆ ಬುದ್ಧಿ ಹೇಳುವವರು ಹುಟ್ಟಿಕೊಳ್ಳುವುದು ಈ ಲೆಕ್ಕದಿಂದಲೇ. ಚೇತರಿಕೆಗೆ ದುಡಿಮೆಯೇ ದೊಡ್ಡ ಔಷಧವಾಗಿರುವಾಗ ಸರ್ಕಾರದ ಅಳತೆಗೋಲು ಅದಕ್ಕೆ ಅಡ್ಡ ನಿಲ್ಲಬಾರದು. ಮಾತ್ರೆ ಮತ್ತು ಮನೆಯವರ ಆಸರೆಯಿಂದ ನಡೆಯುತ್ತಿರುವ ಕೆಲಸವನ್ನು, ಏನೂ ತೊಂದರೆಯಿಲ್ಲದವರ ಕೆಲಸಕ್ಕೆ ಸಮ ಎಂದು ಎಣಿಸುವುದು ನ್ಯಾಯವಲ್ಲ.

ಜೈಲಿನಿಂದ ಬಂದವರಿಗೆ ಇಲ್ಲೇ ಮತ್ತೊಂದು ಗೋಜಲು. ಎರಡು ವರ್ಷ ಕೆಲಸ ಇರಲಿಲ್ಲ ಎಂದರೆ ಅದು ಕಾಯಿಲೆಯಿಂದಲೋ, ಗೋಡೆಯಿಂದಲೋ? ಜೈಲಿನ ಕೆಲಸದ ದಾಖಲೆ ಬೇಕೆಂದದ್ದು ಇದಕ್ಕೇ. ಮಗ್ಗಕ್ಕೆ ಹಾಕಿದ್ದರು, ಹದಿನೈದು ದಿನಕ್ಕೆ ಬಿಡಿಸಿ ವಾರ್ಡಿಗೆ ಕಳಿಸಿದರು ಎಂಬ ಒಂದು ನಮೂದು, ಮನೆಯವರ ನೂರು ಮಾತಿಗಿಂತ ಹೆಚ್ಚು ತೂಗುತ್ತದೆ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಇದೆ.

ಕಾರ್ಡ್ ಬಂದಿತು ಎನ್ನಿ. ಶೇ 40 ದಾಟಿದವರಿಗೆ ನಾಡಕಚೇರಿಯ ಮೂಲಕ ಮಾಸಾಶನವಿದೆ, ಶೇಕಡಾವಾರು ಹೆಚ್ಚಿದಂತೆ ಮೊತ್ತವೂ ಹೆಚ್ಚು. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಮನೆಯಿಂದ 100 ಕಿ.ಮೀ. ವ್ಯಾಪ್ತಿಗೆ ಸಿಗುತ್ತದೆ, ಅರ್ಜಿ ಸೇವಾಸಿಂಧುವಿನಲ್ಲಿ. ಮಳವಳ್ಳಿ, ಮದ್ದೂರು, ಹುಣಸೂರು ಎಲ್ಲಿಂದ ಮೈಸೂರಿಗೆ ಬಂದರೂ ಅದರೊಳಗೇ ಆಯಿತು. ಬಸ್ಸಿನ ದುಡ್ಡಿಲ್ಲದೆ ಒಂದು ತಿಂಗಳ ಮಾತ್ರೆ ತಪ್ಪಿ, ಮರುತಿಂಗಳು ಆಸ್ಪತ್ರೆ ಸೇರುವ ಸಂಕಟ ಈ ಭಾಗದಲ್ಲಿ ಸಾಮಾನ್ಯ, ಆದ್ದರಿಂದ ಕಾರ್ಡಿನ ಅತ್ಯುತ್ತಮ ಉಪಯೋಗ ಇದೇ ಎನ್ನುತ್ತೇವೆ. ಮಾತ್ರೆ ಮುಂದುವರಿಸುವುದಕ್ಕಷ್ಟೇ ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆಂದು ನಡೆಯುವ ಮನೋಚೈತನ್ಯ ಕ್ಲಿನಿಕ್ ಹತ್ತಿರ. ರೈಲಿನಲ್ಲಿ ಮಾತ್ರ ಮಾನಸಿಕ ಕಾಯಿಲೆಯವರಿಗೆ ರಿಯಾಯಿತಿ ಇಲ್ಲ. ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಯೂ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇರುವವರಿಗಷ್ಟೇ. ಇವೆರಡನ್ನೂ ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ದುಡಿಮೆಯ ಜಾಗದಲ್ಲಿ ಕಾರ್ಡಿನ ಬೆಲೆ ಗೊತ್ತಾಗುವುದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಡೆ. ಇಎಸ್‌ಐ ವ್ಯಾಪ್ತಿಗೆ ಸಂಬಳದ ಮಿತಿ ಉಳಿದವರಿಗೆ ತಿಂಗಳಿಗೆ 21,000 ರೂಪಾಯಿಯಾದರೆ ವಿಕಲಚೇತನರಿಗೆ 25,000. ಸ್ಕಿಜೋಫ್ರೀನಿಯಾದಂಥ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಇಎಸ್‌ಐನ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ: ಎರಡು ವರ್ಷ ಸತತ ನೌಕರಿಯಲ್ಲಿದ್ದು, ಕನಿಷ್ಠ 156 ದಿನದ ವಂತಿಗೆ ಕಟ್ಟಿದ್ದರೆ, ಕೆಲಸಕ್ಕೆ ಹೋಗಲಾಗದ ಅವಧಿಗೆ ಕೂಲಿಯ ಶೇ 80ರಷ್ಟು ಎರಡು ವರ್ಷದವರೆಗೂ ಸಿಗುತ್ತದೆ. ಆದ್ದರಿಂದ ಕೈಗೆ ಎರಡು ಸಾವಿರ ಹೆಚ್ಚು ಕೊಡುವ ಕಚ್ಚಾ ಕೆಲಸಕ್ಕಿಂತ, ಕಡಿಮೆ ಸಂಬಳವಾದರೂ ಇಎಸ್‌ಐ, ಪಿಎಫ್ ಕಟ್ಟುವ ಗಾರ್ಮೆಂಟ್ಸ್, ಅಗರಬತ್ತಿ ಪ್ಯಾಕಿಂಗಿನಂಥ ಕೆಲಸ ಈ ಜನಕ್ಕೆ ಮೇಲು. 20 ಮತ್ತು ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ವಿಕಲಚೇತನರಿಗೆ ಏನೇನು ಅನುಕೂಲ ಕೊಡುತ್ತದೆ ಎಂದು ಸಮಾನ ಅವಕಾಶ ನೀತಿಯಲ್ಲಿ ಬರೆದು ಪ್ರಕಟಿಸಬೇಕು. ಅದನ್ನು ಕೇಳಿ ಪಡೆಯಿರಿ. ಕೇಳಬೇಕಾದ ಅನುಕೂಲಗಳೂ ದೊಡ್ಡವೇನಲ್ಲ: ರಾತ್ರಿ ಪಾಳಿ ಬೇಡ, ತಿಂಗಳಿಗೊಂದು ದಿನ ಆಸ್ಪತ್ರೆಗೆ ರಜೆ, ನೀರು ಕುಡಿಯಲು ಬಿಡುವು, ಒಬ್ಬರೇ ಮೇಲ್ವಿಚಾರಕರು. ಬೈಪೋಲಾರ್ ಇರುವವರಿಗೆ ನಾಲ್ಕು ರಾತ್ರಿ ನಿದ್ದೆಗೆಟ್ಟರೆ ಮೇನಿಯಾ (ಉನ್ಮಾದ) ಮರುಕಳಿಸಬಹುದು ಎಂದು ಮಾಲೀಕರಿಗೆ ಗೊತ್ತಿರುವುದಿಲ್ಲ, ಹೇಳಿದರೆ ಎಷ್ಟೋ ಮಂದಿ ಒಪ್ಪುತ್ತಾರೆ.

ಮಂಡ್ಯದ ಕಡೆ ಜೈಲಿನಿಂದ ಬಂದವರಿಗೆ ಪ್ರಶ್ನೆ ಕೇಳದೆ ಕೆಲಸ ಕೊಡುವ ಜಾಗ ಆಲೆಮನೆ. ಆಧಾರ್ ಬೇಡ, ಪೊಲೀಸ್ ಪರಿಶೀಲನೆ ಬೇಡ, ಅವತ್ತಿನ ಕೂಲಿ ಅವತ್ತೇ. ಆದರೆ ಕಾರ್ಡ್ ಅಲ್ಲಿ ಒಂದಿಷ್ಟೂ ಕೆಲಸಕ್ಕೆ ಬರುವುದಿಲ್ಲ, ಅಪಾಯವೂ ಅಲ್ಲೇ ಹೆಚ್ಚು. ಬೈಪೋಲಾರಿಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಕೊಪ್ಪರಿಗೆಯ ಒಲೆ ಮುಂದೆ ಬೆವರು ಸುರಿಸಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗುತ್ತದೆ. ಕೈನಡುಕ ಹೆಚ್ಚುವುದು, ವಾಂತಿ, ಭೇದಿ, ನಡಿಗೆ ತಪ್ಪುವುದು, ಮಾತು ತೊದಲುವುದು ಅದರ ಸೂಚನೆ. ಕಂಡ ಕೂಡಲೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ‘ಕುಡಿದಿದ್ದಾನೆ’ ಎಂದು ಮೂಲೆಯಲ್ಲಿ ಮಲಗಿಸಿದರೆ ಜೀವಕ್ಕೇ ಅಪಾಯ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆಯೂ ಉಳಿದಿರುವವರು ಗಾಣಕ್ಕೆ ಕಬ್ಬು ಕೊಡುವ ಜಾಗದಲ್ಲಿ ಕೂರಲೇಬಾರದು, ಕೈ ಹೋಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಬೆಲ್ಲ ಅಚ್ಚಿಗೆ ಹಾಕುವ, ಮೂಟೆ ಕಟ್ಟುವ ಹಗಲಿನ ಕೆಲಸ ಕೇಳಿಕೊಳ್ಳಿ.

ಕಾರ್ಡಿನಿಂದ ಆಗದೇ ಇರುವುದೇನು ಎಂಬುದನ್ನೂ ನೋಡಿ. ಪೊಲೀಸ್ ಪರಿಶೀಲನೆಯಲ್ಲಿ ಬರುವ ಕೇಸನ್ನು ಅದು ಅಳಿಸುವುದಿಲ್ಲ. ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯಂತೆ ಪೂರ್ವಾಪರ ಪರಿಶೀಲನೆ ಆಗಲೇಬೇಕು, ಶಿಕ್ಷೆಯಾದವರು ಆ ದಾರಿಯಲ್ಲಿ ಸಮಯ ಕಳೆಯಬೇಡಿ. ದೊಡ್ಡವರ ಶಿಕ್ಷೆಯ ದಾಖಲೆಯನ್ನು ಪೂರ್ತಿ ಅಳಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆದರೆ 1958ರ ಪ್ರೊಬೇಷನ್ ಕಾಯ್ದೆಯ 3 ಅಥವಾ 4ನೇ ಕಲಮಿನಡಿ (ಎಚ್ಚರಿಕೆ ಕೊಟ್ಟು ಅಥವಾ ಒಳ್ಳೆಯ ನಡತೆಯ ಷರತ್ತಿನ ಮೇಲೆ) ಬಿಡುಗಡೆಯಾದವರಿಗೆ 12ನೇ ಕಲಮಿನ ಪ್ರಕಾರ ಆ ಶಿಕ್ಷೆಯಿಂದ ಅನರ್ಹತೆ ಅಂಟುವುದಿಲ್ಲ. ಆ ಆದೇಶದ ದೃಢೀಕೃತ ಪ್ರತಿ, ಖುಲಾಸೆಯಾದವರಾದರೆ ತೀರ್ಪಿನ ಪ್ರತಿ, ಕಾರ್ಡಿಗಿಂತ ಹೆಚ್ಚು ಬಾಗಿಲು ತೆರೆಯುತ್ತದೆ. ಸರ್ಕಾರಿ ಹುದ್ದೆಯಲ್ಲಿ ಆಟಿಸಂ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಕಲತೆ ಎಲ್ಲಕ್ಕೂ ಸೇರಿ ಶೇ 1 ಮೀಸಲಾತಿ. ಅಲ್ಲಿ ದೃಢೀಕರಣ ನಮೂನೆಯಲ್ಲಿ ಕೇಸು ಇದ್ದರೆ ಬರೆಯಲೇಬೇಕು. ಮುಚ್ಚಿಟ್ಟದ್ದು ತಿಳಿದರೆ ಅದೇ ಒಂದು ಕಾರಣಕ್ಕೆ ಕೆಲಸ ಹೋಗಬಹುದು ಎಂದು ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿದೆ. ನಿಜ ಬರೆದವರ ವಿಷಯದಲ್ಲೂ ನೇಮಕ ಮಾಡುವವರಿಗೆ ಹಿನ್ನೆಲೆ ಪರಿಶೀಲಿಸುವ ಹಕ್ಕು ಉಳಿದಿರುತ್ತದೆ.

ನೌಕರಿಯಲ್ಲಿದ್ದು ಕಾಯಿಲೆಯ ಭರದಲ್ಲಿ ತಪ್ಪು ಮಾಡಿ ಶಿಸ್ತು ಕ್ರಮ ಎದುರಿಸುತ್ತಿರುವವರಿಗೆ ಇನ್ನೊಂದು ತೀರ್ಪು ನೆನಪಿರಲಿ. 2021ರ ಡಿಸೆಂಬರಿನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ವಿಕಲತೆಗೆ ಸಂಬಂಧವಿರುವ ನಡವಳಿಕೆಗಾಗಿ ಶಿಸ್ತು ಕ್ರಮ ಹೂಡುವುದು ಪರೋಕ್ಷ ತಾರತಮ್ಯವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗ ಕಾರ್ಡ್ ಮತ್ತು ಚಿಕಿತ್ಸೆಯ ಕಡತ ನಿಜಕ್ಕೂ ಆಸರೆ.

ಯಾರಿಗೆ ತೋರಿಸಬೇಕು ಎಂಬುದರಲ್ಲಿ ಕಟ್ಟುನಿಟ್ಟಾಗಿರಿ. ಬಯೋಡೇಟಾದಲ್ಲಿ ಬೇಡ. ಮೊದಲ ಭೇಟಿಯಲ್ಲಿ ಬೇಡ. ಇಎಸ್‌ಐ ಮಿತಿ, ಪಾಳಿ, ರಜೆ ಇವುಗಳ ಮಾತು ಬಂದಾಗ ಎಚ್‌ಆರ್‌ನವರ ಕೈಗೆ ಮಾತ್ರ ಕೊಡಿ, ಲೈನಿನ ಸೂಪರ್‌ವೈಸರಿಗಲ್ಲ. ವೈದ್ಯರು ಕಾಯಿಲೆಯ ವಿವರವನ್ನು ಗೋಪ್ಯವಾಗಿಡಬೇಕು ಎನ್ನುವುದು 2017ರ ಕಾಯ್ದೆಯ 23ನೇ ಕಲಂ, ಮಾಲೀಕರು ಫೋನು ಮಾಡಿದರೂ ಹೇಳುವಂತಿಲ್ಲ. ಚಿಕಿತ್ಸೆಯಲ್ಲಿರುವುದರಿಂದಲೇ ಯಾರೂ ಅಸ್ವಸ್ಥಚಿತ್ತರಾಗುವುದಿಲ್ಲ, ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ ಎಂದು ಅದೇ ಕಾಯ್ದೆಯ 3ನೇ ಕಲಂ ಹೇಳುತ್ತದೆ. ‘ಹುಚ್ಚನಿಗೆ ಸಹಿ ಹಾಕುವ ಹಕ್ಕಿಲ್ಲ’ ಎಂದು ಕೂಲಿಯ ದುಡ್ಡನ್ನು ಬೇರೆಯವರ ಖಾತೆಗೆ ಹಾಕುವ ಕಡೆ ಈ ಕಲಮನ್ನು ಮುಂದಿಡಿ. ಕಾರ್ಡಿನ ಮುಖದ ಮೇಲೇ ಕಾಯಿಲೆಯ ಬಗೆ ಅಚ್ಚಾಗಿ, ಬಸ್ಸಿನಲ್ಲಿ ಕಂಡಕ್ಟರ್ ಪಕ್ಕದವರೂ ಓದುವಂತಾಗುವುದನ್ನು ಇಲಾಖೆ ಬದಲಿಸಬೇಕು. ಸಂಖ್ಯೆ ಹಾಕಿದರೆ ಕಂಪ್ಯೂಟರಿನಲ್ಲಿ ವಿವರ ಬರುವುದಾದರೆ ಮುಖದ ಮೇಲೆ ಬೇಕೇಕೆ?

ತಾತ್ಕಾಲಿಕ ಕಾರ್ಡ್ ಬಂದಿದ್ದರೆ ಅವಧಿ ಮುಗಿಯುವ ದಿನವನ್ನು ಗುರುತು ಹಾಕಿಕೊಂಡು ಮೂರು ತಿಂಗಳು ಮುಂಚೆ ನವೀಕರಣಕ್ಕೆ ಹಾಕಿ. ಅಲ್ಲಿಯವರೆಗೆ ಪ್ರತಿ ಒಪಿಡಿ ಚೀಟಿಯನ್ನೂ, ಲಿಥಿಯಂ ರಕ್ತಪರೀಕ್ಷೆಯ ವರದಿಯನ್ನೂ ಒಂದೇ ಫೈಲಿನಲ್ಲಿ ತಾರೀಕಿನ ಕ್ರಮದಲ್ಲಿ ಇಡಿ. ಆ ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಮಾತ್ರೆಯಾದ 12 ಗಂಟೆಗೆ. ಕೆಲಸಕ್ಕೆ ಹೋಗುತ್ತಿದ್ದರೆ ಯಾರ ನೆರವಿನಿಂದ, ಯಾವ ಅನುಕೂಲದಿಂದ ಹೋಗುತ್ತಿದ್ದಾರೆ ಎಂದು ಮಾಲೀಕರಿಂದಲೋ ಎಚ್‌ಆರ್‌ನವರಿಂದಲೋ ಎರಡು ಸಾಲು ಬರೆಸಿಕೊಂಡು ಫೈಲಿಗೆ ಸೇರಿಸಿದರೆ ದುಡಿಮೆಯ ಅಂಕ 0ಗೆ ಇಳಿಯದಂತೆ ಬೋರ್ಡಿನ ಮುಂದೆ ವಾದಿಸಲು ಆಧಾರ ಸಿಗುತ್ತದೆ. ನಡುವೆ ಮಾತ್ರೆ ತಪ್ಪಿ ನಿದ್ದೆ ಕೆಟ್ಟರೆ, ಭಯ ಅಥವಾ ಸಂಶಯ ಹೆಚ್ಚಿದರೆ, 14416ಕ್ಕೆ ಫೋನು ಮಾಡಿ. ಟೆಲಿಮನಸ್ ಎಂಬ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಸಿಗುತ್ತದೆ, ಅದಕ್ಕೆ ಯಾವ ಕಾರ್ಡೂ ಬೇಕಿಲ್ಲ.